ಸೇತುವೆ ಬಿಟ್ಟ ಈಟಿಯಾಳು: ವೆಸ್ನಾತ್ ಆಟದ ಒಂದು ಸೋಲಿನ ಲೆಕ್ಕ

ಕಳೆದ ಮಳೆಗಾಲದ ಒಂದು ಶನಿವಾರ ಅಕ್ಕನ ಮಗ ಚಿತ್ರದುರ್ಗದಿಂದ ದಾವಣಗೆರೆಗೆ ಬಂದ. ಅರವತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಸಿಟ್ಟನ್ನು ಕಾಯ್ದಿಟ್ಟುಕೊಂಡೇ ಬಂದಿದ್ದನೇನೋ, ಚಪ್ಪಲಿ ಬಿಡುವ ಮೊದಲೇ ಶುರುವಿಟ್ಟುಕೊಂಡ. "ಮಾವ, ಹದಿಮೂರನೆಯ ಸುತ್ತಿನವರೆಗೆ ನಾನು ಕೊಂದದ್ದು ಏಳು, ಅವನು ಕೊಂದದ್ದು ಆರು. ಆದರೂ ಹದಿನೇಳನೆಯ ಸುತ್ತಿಗೆ ನಾನೇ ಕೈಚೆಲ್ಲಬೇಕಾಯಿತು. ಈ ಆಟದಲ್ಲಿ ಏನೋ ಮೋಸವಿದೆ."

ಆಟ ಯಾವುದೆಂದರೆ ಬ್ಯಾಟಲ್ ಫಾರ್ ವೆಸ್ನಾತ್. 'ಅವನು' ಎಂದರೆ ಹುಡುಗನ ಕಾಲೇಜು ಗೆಳೆಯ. ನಾನು ಎಪಿಎಂಸಿಯ ಒಂದು ದಲ್ಲಾಳಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳ ಬರದ ತಿಂಗಳುಗಳಲ್ಲಿ ಸಂಜೆ ಹೊತ್ತು ಹೋಗಲೆಂದು ಹಿಡಿದ ಆಟ ಇದು, ಈಗ ಬಿಡಿಸಲಾಗದ ಚಟ. ಅಳಿಯನಿಗೆ ಹಚ್ಚಿಸಿದವನೂ ನಾನೇ ಆದ್ದರಿಂದ ಮೋಸದ ಆರೋಪಕ್ಕೆ ಉತ್ತರ ಕೊಡುವ ಹೊಣೆಯೂ ನನ್ನ ತಲೆಗೇ ಬಂತು. ಎಷ್ಟು ಚೀಲ ಮಾರಿದೆ ಎಂದು ಎದೆ ತಟ್ಟಿಕೊಳ್ಳುವ ವ್ಯಾಪಾರಿ ದೀಪಾವಳಿಯ ಹೊತ್ತಿಗೆ ಬಾಗಿಲು ಹಾಕಿದ್ದನ್ನು ನಾನು ಕಂಡಿದ್ದೇನೆ. ಕೊಂದವರ ಎಣಿಕೆ ಕೇಳಿದ ಕೂಡಲೇ ನನಗೆ ನೆನಪಾದದ್ದು ಅದೇ. ಇರಲಿ, ಕಡತ ತೆರೆಯೋಣ ಎಂದೆ. ಈ ಆಟ ಪ್ರತಿ ಸುತ್ತನ್ನೂ ತಾನೇ ಉಳಿಸಿಟ್ಟುಕೊಳ್ಳುತ್ತದೆ. ಮುಗಿದ ಪಂದ್ಯವನ್ನು ಮೊದಲಿನಿಂದ ಹೆಜ್ಜೆ ಹೆಜ್ಜೆಯಾಗಿ ಮತ್ತೆ ನೋಡಬಹುದು.

ಆಡದವರಿಗಾಗಿ ನಾಲ್ಕು ಮಾತು. ವೆಸ್ನಾತ್ ಅನ್ನು ಡೇವಿಡ್ ವೈಟ್ ಎಂಬವರು 2003ರಲ್ಲಿ ಹೊರತಂದರು. ಅಂದಿನಿಂದ ಸ್ವಯಂಸೇವಕರೇ ಅದನ್ನು ಬೆಳೆಸಿಕೊಂಡು ಬಂದಿದ್ದಾರೆ; ಕಾಸು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು, ಚದುರಂಗದ ಹಾಗೆ. ಆದರೆ ಹಾಸು ಚೌಕದ್ದಲ್ಲ, ಆರು ಮೂಲೆಯ ಮನೆಗಳದ್ದು. ಮನೆಗೆ ಒಂದೊಂದು ನೆಲ: ಬಯಲು, ಕಾಡು, ಗುಡ್ಡ, ಹೊಳೆ, ಹಳ್ಳಿ. ಎಲ್ಫ್, ಓರ್ಕ್, ಟ್ರೋಲ್, ಅಸ್ಥಿಪಂಜರ ಎಂದು ಬಗೆಬಗೆಯ ಪಡೆಗಳು. ಈ ಪಂದ್ಯದಲ್ಲಿ ನಮ್ಮ ಹುಡುಗನದು ಮನುಷ್ಯರ ಪಡೆ, ಎದುರಾಳಿಯದು ಓರ್ಕ್ ಪಡೆ. ಆವೃತ್ತಿ ಬದಲಾದಾಗ ಒಂದೆರಡು ಅಂಕಿ ಆಚೀಚೆ ಆಗುವುದುಂಟು. ಇಲ್ಲಿ ಬರುವ ಅಂಕಿಗಳು ನಾವು ಆಡಿದ ಆವೃತ್ತಿಯವು.

ಹತ್ತನೆಯ ಸುತ್ತಿನ ಮುಸ್ಸಂಜೆ

ಮೊದಲ ಒಂಬತ್ತು ಸುತ್ತುಗಳನ್ನು ಬೇಗ ಬೇಗ ಓಡಿಸಿದೆ. ತಪ್ಪು ಕಾಣಲಿಲ್ಲ, ಹುಡುಗ ಚೆನ್ನಾಗಿಯೇ ಆಡಿದ್ದ. ಒಂಬತ್ತನೆಯ ಸುತ್ತು ಮುಗಿದಾಗ ಆರು ಓರ್ಕ್‌ಗಳನ್ನು ಕೆಡವಿ ಮೂವರನ್ನು ಕಳೆದುಕೊಂಡಿದ್ದ. ನಕ್ಷೆಯ ನಡುವೆ ಹೊಳೆ, ಹೊಳೆಗೆ ಒಂದೇ ಸೇತುವೆ. ಈಚೆ ದಂಡೆಯುದ್ದಕ್ಕೂ ಅವನ ಐದು ಆಳುಗಳು ಹರಡಿ ನಿಂತಿದ್ದರು. ಸೇತುವೆಯ ಬಾಯಿಗೆ ಒಬ್ಬ ಈಟಿಯಾಳು. ಆಚೆ ದಂಡೆಯ ಗುಡ್ಡದ ಮೇಲೆ ಏಟು ತಿಂದು ಸುಸ್ತಾದ ಒಂದು ಟ್ರೋಲ್ ಮರಿ. 42 ಇದ್ದ ಪ್ರಾಣ 11ಕ್ಕೆ ಇಳಿದಿತ್ತು.

ಹತ್ತನೆಯ ಸುತ್ತಿನಲ್ಲಿ ಸೇತುವೆಯ ಈಟಿಯಾಳು ಎರಡು ಮನೆ ಪಕ್ಕಕ್ಕೆ ಸರಿದು, ನೀರಿಗಿಳಿದು, ಗುಡ್ಡದ ಮೇಲಿದ್ದ ಟ್ರೋಲ್‌ಗೆ ಚುಚ್ಚಿದ.

"ಇಲ್ಲಿ ನಿಲ್ಲಿಸು. ಇದನ್ನು ಯಾಕೆ ಮಾಡಿದೆ?" ಎಂದೆ.

"ಅದು ಸಾಯುವುದರಲ್ಲಿತ್ತು, ಮಾವ. ಕೊಂದಿದ್ದರೆ ನನ್ನವನಿಗೆ ಎಂಟು ಅನುಭವಾಂಕ ಸಿಗುತ್ತಿತ್ತು, ಮೇಲಿನ ದರ್ಜೆಗೆ ಏರುತ್ತಿದ್ದ. ದರ್ಜೆ ಏರಿದರೆ ಗಾಯವೆಲ್ಲ ಒಂದೇ ಸಲಕ್ಕೆ ವಾಸಿ."

ಮಾತು ಸುಳ್ಳಲ್ಲ. ಮೊದಲ ದರ್ಜೆಯ ಶತ್ರುವನ್ನು ಕೊಂದರೆ 8 ಅಂಕ, ದರ್ಜೆ ಏರಿದವನಿಗೆ ಪೂರ್ತಿ ಪ್ರಾಣ. ಹಾಗಾದರೆ ಕೊಲ್ಲುವ ಸಾಧ್ಯತೆ ಎಷ್ಟಿತ್ತು? ಈಟಿಯ ಏಟು 7, ಒಂದು ಸಲಕ್ಕೆ ಮೂರು ಏಟು. ಟ್ರೋಲ್‌ನ ಚರ್ಮ ಈಟಿಯ ಪೆಟ್ಟಿನ ಐದನೆಯ ಒಂದು ಪಾಲನ್ನು ನುಂಗುತ್ತದೆ. 7 ಹೋಗಿ 5.6 ಆಗುತ್ತದೆ, ಆಟ ಅದನ್ನು 6 ಎಂದು ಹಿಡಿಯುತ್ತದೆ. 11 ಪ್ರಾಣ ತೆಗೆಯಲು ಎರಡು ಏಟು ತಾಗಬೇಕು. ಗುಡ್ಡದ ಮೇಲಿರುವ ಟ್ರೋಲ್‌ಗೆ ಪ್ರತಿ ಏಟೂ ತಾಗುವ ಸಾಧ್ಯತೆ ಅರ್ಧ. ಮೂರರಲ್ಲಿ ಕಡಿಮೆಯೆಂದರೆ ಎರಡು ತಾಗುವ ಸಾಧ್ಯತೆಯೂ ಲೆಕ್ಕ ಹಾಕಿದರೆ ಸರಿಯಾಗಿ ಅರ್ಧಕ್ಕೇ ಬಂದು ನಿಲ್ಲುತ್ತದೆ. ನಾಣ್ಯ ಚಿಮ್ಮಿದಂತೆ. ಈ ಲೆಕ್ಕವನ್ನು ದಾಳಿಗೆ ಮೊದಲೇ ತೋರಿಸುವ ಗುಂಡಿಯೊಂದು ಆಟದಲ್ಲೇ ಇದೆ. ಹುಡುಗ ಅದನ್ನು ಒಮ್ಮೆಯೂ ಒತ್ತಿದವನಲ್ಲ.

ಒಂದು ಏಟು ತಾಗಿತು. ಟ್ರೋಲ್‌ಗೆ ಉಳಿದದ್ದು 5. ಆದರೆ ಟ್ರೋಲ್‌ನ ಗಾಯ ತಾನಾಗಿಯೇ ಮಾಯುತ್ತದೆ, ತನ್ನ ಪ್ರತಿ ಸರದಿಯ ಆರಂಭಕ್ಕೆ 8 ಪ್ರಾಣ ಕೂಡುತ್ತದೆ. ಗೆಳೆಯನ ಸರದಿ ಬಂದಾಗ ಅದು 13ಕ್ಕೆ ಏರಿ, ಹಿಂದಕ್ಕೆ ನಡೆದು ಕಾಣೆಯಾಯಿತು.

"ಅದೃಷ್ಟ ಕೆಟ್ಟಿತ್ತು" ಎಂದ ಹುಡುಗ. ನಾನು ಒಪ್ಪಲಿಲ್ಲ. ಟ್ರೋಲ್ ಸತ್ತಿದ್ದರೂ ಅವನು ಈ ಪಂದ್ಯ ಸೋಲುತ್ತಿದ್ದ ಎಂಬುದು ನನ್ನ ವಾದ. ಅವನು ಪಣಕ್ಕಿಟ್ಟದ್ದು ಒಬ್ಬ ಈಟಿಯಾಳನ್ನಲ್ಲ, ಸೇತುವೆಯನ್ನು. ನಾಣ್ಯ ಹೇಗೆ ಬಿದ್ದರೂ ಸೇತುವೆ ಖಾಲಿ.

ಅದೇ ಸುತ್ತಿನಲ್ಲಿ ಗೆಳೆಯನ ತೋಳಸವಾರ ಸೇತುವೆ ದಾಟಿದ. ಬಯಲಿನಲ್ಲಿ ಎಂಟು ಮನೆ ಓಡುವ ಪ್ರಾಣಿ ಅದು. ಏಳನೆಯ ಮನೆಯಲ್ಲಿ ಹುಡುಗನ ಒಂದು ಹಳ್ಳಿಯಿತ್ತು. ಬಾವುಟ ಬದಲಾಯಿತು. ಹನ್ನೊಂದನೆಯ ಸುತ್ತಿಗೆ ಇನ್ನೊಂದು, ಹನ್ನೆರಡನೆಯದಕ್ಕೆ ಮತ್ತೊಂದು. ಹಳ್ಳಿ ಹಿಡಿದ ಮನೆಯಲ್ಲೇ ಆ ಸುತ್ತಿನ ನಡಿಗೆ ಮುಗಿಯುವುದರಿಂದ ಸುತ್ತಿಗೆ ಒಂದೇ. ಇಲ್ಲವಾದರೆ ಮೂರನ್ನೂ ಒಂದೇ ಓಟದಲ್ಲಿ ಮುಗಿಸುತ್ತಿತ್ತೇನೋ. ದಂಡೆಯ ಎಡ ತುದಿಯಲ್ಲಿ ನಮ್ಮವನ ಕುದುರೆ ಸವಾರನೊಬ್ಬ ಇದ್ದ, ಅವನಿಗೂ ಎಂಟು ಮನೆಯ ಓಟ. ಹಿಂದಕ್ಕೆ ಯಾಕೆ ಕಳುಹಿಸಲಿಲ್ಲ ಎಂದು ಕೇಳಿದರೆ, "ಒಂದು ತೋಳ ತಾನೇ, ಅದು ಯಾರನ್ನೂ ಕೊಲ್ಲುತ್ತಿರಲಿಲ್ಲವಲ್ಲ" ಎಂಬ ಉತ್ತರ.

ಮಂಡಕ್ಕಿ ತಟ್ಟೆಯ ಪಾಠ

ಅಷ್ಟರಲ್ಲಿ ಮನೆಯಾಕೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ನಮ್ಮ ಮನೆಯ ಮುಂದಿನ ಅಂಗಳಕ್ಕೆ ಆರು ಮೂಲೆಯ ಸಿಮೆಂಟ್ ಬಿಲ್ಲೆಗಳನ್ನು ಹಾಸಿದೆ. ತಟ್ಟೆ ಎತ್ತಿಕೊಂಡು ಅಲ್ಲಿಗೇ ಹೋಗಿ ಕುಳಿತೆವು. ಮಂಡಕ್ಕಿಯೊಳಗಿನ ಶೇಂಗಾ ಬೀಜಗಳು ಈಟಿಯಾಳುಗಳಾದವು, ಬಜ್ಜಿಯ ತೊಟ್ಟು ತೋಳವಾಯಿತು.

ಒಂದು ಬೀಜ ಇಟ್ಟೆ. ಅದರ ಸುತ್ತ ಆರು ಬಿಲ್ಲೆ. ಆಟದಲ್ಲಿ ಇವನ್ನು ಜೋನ್ ಆಫ್ ಕಂಟ್ರೋಲ್ ಎನ್ನುತ್ತಾರೆ, ನಾವು ಹಿಡಿತ ಎನ್ನೋಣ. ಶತ್ರುವಿನ ಆಳು ಈ ಆರರಲ್ಲಿ ಯಾವುದಕ್ಕೆ ಕಾಲಿಟ್ಟರೂ ಆ ಸುತ್ತಿನ ನಡಿಗೆ ಅಲ್ಲಿಗೇ ಮುಗಿಯಿತು. ಎಂಟು ಮನೆ ಓಡಬಲ್ಲ ತೋಳವಾದರೂ ಅಷ್ಟೇ. ಹಿಡಿತದ ಒಂದು ಮನೆಯಿಂದ ಹಿಡಿತದ ಮತ್ತೊಂದು ಮನೆಗೆ ಸುತ್ತಿಗೆ ಒಂದೇ ಹೆಜ್ಜೆ. ಕತ್ತಿ ಎತ್ತಬೇಕಿಲ್ಲ, ಸುಮ್ಮನೆ ನಿಂತರೆ ಸಾಕು. ಗಾಯಗೊಂಡು ಒಂದೇ ಪ್ರಾಣ ಉಳಿದವನಿಗೂ ಇಡೀ ಪ್ರಾಣ ಇರುವವನಷ್ಟೇ ಹಿಡಿತ. ದರ್ಜೆಯೇ ಇಲ್ಲದ ಗಾಬ್ಲಿನ್ ಈಟಿಯಾಳಿನಂತಹವರಿಗೆ ಮಾತ್ರ ಹಿಡಿತವಿಲ್ಲ. ಕತ್ತಿವರಸೆಯವನಂತಹ ಕೆಲವರು ಯಾರ ಹಿಡಿತಕ್ಕೂ ಸಿಗದೆ ನುಸುಳುತ್ತಾರೆ. ತೋಳಸವಾರ ಅಂತಹವನಲ್ಲ.

"ಈಗ ನಿನ್ನ ಸಾಲನ್ನು ಇಡು."

ಹುಡುಗ ಬೀಜಗಳನ್ನು ಮೈಗೆ ಮೈ ತಾಗಿಸಿ ಇಟ್ಟ. ಹೊಸಬರೆಲ್ಲ ಇಡುವುದೇ ಹೀಗೆ. ಐದು ಆಳಿನಲ್ಲಿ ಮುಚ್ಚಿದ್ದು ಏಳು ಮನೆ. ನಾನು ನಡುವೆ ಎರಡೆರಡು ಬಿಲ್ಲೆ ಬಿಟ್ಟು ಹರಡಿದೆ. ಈಗ ಒಬ್ಬೊಬ್ಬನೂ ತನ್ನ ಮನೆ, ಎಡಗಡೆಯದು, ಬಲಗಡೆಯದು ಎಂದು ಮೂರು ಮನೆ ಕಾಯುತ್ತಾನೆ. ಅದೇ ಐದು ಆಳಿಗೆ ಹದಿನೈದು ಮನೆ. ಕಣ್ಣಿಗೆ ಸಾಲೆಲ್ಲ ತೂತಾಗಿಯೇ ಕಾಣುತ್ತದೆ, ಆದರೆ ತೋಳದ ಕಾಲಿಗೆ ಅದು ಗೋಡೆ.

"ಇದು ನನಗೆ ಗೊತ್ತಿತ್ತು. ಪಂದ್ಯದಲ್ಲಿ ಹೀಗೆಯೇ ನಿಲ್ಲಿಸಿದ್ದೆ" ಎಂದ. ನಿಜ, ಹಾಗೆಯೇ ನಿಲ್ಲಿಸಿದ್ದ. ಎಡದಿಂದ ಎರಡನೆಯ ಬೀಜವನ್ನು ತೆಗೆದು ಬಾಯಿಗೆ ಹಾಕಿಕೊಂಡೆ. "ಈಗ ಎಣಿಸು." ಒಂದನೆಯವನಿಗೂ ಮೂರನೆಯವನಿಗೂ ನಡುವೆ ಐದು ಬಿಲ್ಲೆ ಖಾಲಿ. ಆಚೆಯದು, ಈಚೆಯದು ಹಿಡಿತದಲ್ಲಿವೆ. ನಡುವಿನ ಮೂರಕ್ಕೆ ದಿಕ್ಕಿಲ್ಲ. ಬಜ್ಜಿಯ ತೊಟ್ಟು ಅದರೊಳಗಿಂದ ಹಾಯ್ದು ಹಿತ್ತಿಲಿನವರೆಗೂ ಹೋಯಿತು.

ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಆಡು-ಹುಲಿ ಆಟದ ಹಾಗೆ" ಎಂದ. ನನಗೆ ಹೊಳೆದಿರಲಿಲ್ಲ, ಹೋಲಿಕೆ ಚೆನ್ನಾಗಿದೆ. ಅಲ್ಲಿಯೂ ಆಡಿಗೆ ಹುಲಿಯನ್ನು ಕೊಲ್ಲುವ ಶಕ್ತಿಯಿಲ್ಲ, ಅದು ಹೆಜ್ಜೆ ಇಡಲಾಗದಂತೆ ಕಟ್ಟಿಹಾಕುವುದೇ ಗೆಲುವು. ಒಂದು ಆಡಿನ ಬೆನ್ನ ಹಿಂದೆ ಖಾಲಿ ಬಿಟ್ಟೆಯೋ, ಹುಲಿ ಹಾರಿತು. ಅದೇ ಮಾತು ಹಿಡಿದು ಇನ್ನೊಂದನ್ನೂ ತೋರಿಸಿದೆ: ತೊಟ್ಟಿನ ಎದುರಿಗೊಂದು ಬೀಜ, ಅದಕ್ಕೆ ನೇರ ಬೆನ್ನಿಗೊಂದು ಬೀಜ. ಉಳಿದ ನಾಲ್ಕು ಬಿಲ್ಲೆಗಳೂ ಇಬ್ಬರಲ್ಲಿ ಒಬ್ಬರ ಹಿಡಿತದಲ್ಲಿವೆ. ಎಂಟು ಮನೆ ಓಡುವ ತೋಳ ಇನ್ನು ಒಂದೇ ಹೆಜ್ಜೆಯ ಪ್ರಾಣಿ. ಇದಕ್ಕೆ ಎರಡೇ ಆಳು ಸಾಕು.

"ಹಾಗಾದರೆ ಸೇತುವೆಯ ಬಾಯಲ್ಲಿ ಒಬ್ಬನನ್ನು ಗಟ್ಟಿಯಾಗಿ ನಿಲ್ಲಿಸಿದರೆ ಆಯಿತಲ್ಲ, ನಮ್ಮೂರಿನ ಓಬವ್ವನ ಕಿಂಡಿಯ ಹಾಗೆ?"

ದುರ್ಗದ ಹುಡುಗ ಈ ಮಾತು ತೆಗೆಯುತ್ತಾನೆ ಎಂದು ನನಗೆ ಗೊತ್ತಿತ್ತು. ಕಿಂಡಿಯನ್ನು ಅವನು ನೂರು ಸಲ ನೋಡಿದ್ದಾನೆ, ಆದರೆ ಓಬವ್ವ ನಿಂತದ್ದು ಎಲ್ಲಿ ಎಂದು ಯೋಚಿಸಿದಂತಿಲ್ಲ. ಹೈದರಾಲಿಯ ಸೈನಿಕರು ನುಸುಳಿದ ಕತೆಯಲ್ಲಿ ಆಕೆ ಕಿಂಡಿಯ ಬಾಯಲ್ಲಿ ನಿಂತವಳಲ್ಲ. ಒಳಗೆ, ಪಕ್ಕಕ್ಕೆ ನಿಂತು, ತಲೆ ತೂರಿಸಿದವನನ್ನು ತೂರಿಸಿದ ಹಾಗೆ ಒನಕೆಯಿಂದ ಬಡಿದವಳು. ಆರು ಮೂಲೆಯ ಹಾಸಿನಲ್ಲಿ ಈ ಒಂದು ಹೆಜ್ಜೆಯ ಬೆಲೆ ದೊಡ್ಡದು. ಒಂದೇ ಮನೆಯ ಇಕ್ಕಟ್ಟಿನ ಬಾಯಲ್ಲಿ ನೀನು ನಿಂತರೆ ಆಚೆಯಿಂದ ಇಬ್ಬರು ನಿನ್ನೊಬ್ಬನನ್ನು ಬಡಿಯುತ್ತಾರೆ. ಒಂದು ಹೆಜ್ಜೆ ಹಿಂದೆ, ಬಾಯಿಯ ಎರಡು ಒಳಮನೆಗಳಲ್ಲಿ ನೀವಿಬ್ಬರು ನಿಂತರೆ, ಒಳಗೆ ಬಂದವನೊಬ್ಬನಿಗೆ ಇಬ್ಬರ ಏಟು. ಅವನ ಹಿಂದೆ ಸಾವಿರ ಜನ ಇದ್ದರೂ ಕೈ ಚಾಚಲಾರರು. ಬೀಜ ಇಟ್ಟು ತೋರಿಸಿದೆ. ಇದೊಂದನ್ನು ಮಾತ್ರ ಅವನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡ.

ಜಮಾ-ಖರ್ಚು

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ ಇದು. ಹುಡುಗನಿಗೆ ಬೇಸರ ತಂದ ಭಾಗವೂ ಇದೇ.

ನಾವು ಆಡುವ ಕಟ್ಟಳೆಯಲ್ಲಿ ಪ್ರತಿ ಸುತ್ತಿಗೆ ಯಾರಿಗಾದರೂ ಸುಮ್ಮನೆ ಸಿಗುವುದು 2 ಹೊನ್ನು. ಅದರ ಮೇಲೆ ಹಿಡಿದ ಹಳ್ಳಿಯೊಂದಕ್ಕೆ 2. ಖರ್ಚಿನ ಕಡೆ ಆಳುಗಳ ಸಂಬಳ: ಮೊದಲ ದರ್ಜೆಯವನಿಗೆ 1, ಎರಡನೆಯವನಿಗೆ 2. ನಾಯಕನಿಗೆ ಸಂಬಳವಿಲ್ಲ. ಹಳ್ಳಿಯೊಂದು ಒಂದು ದರ್ಜೆಯ ಸಂಬಳವನ್ನು ತಾನೇ ಹೊರುತ್ತದೆ, ಮಿಕ್ಕದ್ದು ನಿನ್ನ ಬೊಕ್ಕಸದಿಂದ ಕಳೆಯುತ್ತದೆ.

ಹತ್ತನೆಯ ಸುತ್ತಿನಲ್ಲಿ ನಮ್ಮವನ ಬಳಿ ನಾಯಕನನ್ನು ಬಿಟ್ಟು 10 ಆಳು, 7 ಹಳ್ಳಿ. ಬರುವುದು 2 ಮತ್ತು 14, ಒಟ್ಟು 16. ಹಳ್ಳಿಗಳು ಹೊರಲಾರದ 3 ಆಳುಗಳ ಸಂಬಳ ಕಳೆದರೆ 13. ಗೆಳೆಯನ ಬಳಿ 8 ಆಳು, 7 ಹಳ್ಳಿ: 16ರಲ್ಲಿ 1 ಕಳೆದು 15. ಅಂದರೆ ಪಡೆ ದೊಡ್ಡದಾಗಿದ್ದವನ ಆದಾಯವೇ ಕಡಿಮೆ. ನೆಲ ಬೆಳೆಯದೆ ಪಡೆಯನ್ನಷ್ಟೇ ಬೆಳೆಸಿದರೆ ಅದು ಬೊಕ್ಕಸವನ್ನೇ ತಿನ್ನುತ್ತದೆ.

ಈಗ ತೋಳದ ಕೆಲಸ. ಒಂದು ಹಳ್ಳಿ ಕೈಬಿಟ್ಟರೆ 2 ಹೊನ್ನಿನ ಆದಾಯ ಹೋಯಿತು, ಅದು ಹೊರುತ್ತಿದ್ದ 1 ಸಂಬಳ ನಿನ್ನ ಮೇಲೆ ಬಿತ್ತು. ಒಟ್ಟು 3 ನಷ್ಟ. ಅತ್ತ ಅವನಿಗೂ ಅಷ್ಟೇ ಲಾಭ, ಹೊರಲಾರದ ಸಂಬಳ ಅವನಿಗೂ ಇದ್ದ ಪಕ್ಷದಲ್ಲಿ. ನಮ್ಮ ಮಂಡಿಯ ಹಳೆಯ ಖಾತೆ ಪುಸ್ತಕದ ಹಿಂಬದಿಯಲ್ಲಿ ಹೀಗೆ ಬರೆದೆ:

ಸುತ್ತು 11 — ಅಳಿಯ: 10 ಆಳು, 6 ಹಳ್ಳಿ, ಆದಾಯ 10. ಗೆಳೆಯ: 8 ಹಳ್ಳಿ, ಆದಾಯ 18.
ಸುತ್ತು 12 — ಅಳಿಯ: 9 ಆಳು, 5 ಹಳ್ಳಿ, ಆದಾಯ 8. ಗೆಳೆಯ: 9 ಹಳ್ಳಿ, ಆದಾಯ 20.
ಸುತ್ತು 13 — ಅಳಿಯ: 8 ಆಳು, 4 ಹಳ್ಳಿ, ಆದಾಯ 6. ಗೆಳೆಯ: 10 ಹಳ್ಳಿ, ಆದಾಯ 22.

ಮೂರು ಸುತ್ತಿನಲ್ಲಿ ಇವನಿಗೆ 24, ಅವನಿಗೆ 60. ಓರ್ಕ್ ಗ್ರಂಟ್ ಒಬ್ಬನ ಬೆಲೆ 12. ಅಂದರೆ ಐದು ಹೊಸ ಗ್ರಂಟ್‌ಗಳು. ಈಟಿಯಾಳಿನ ಬೆಲೆ 14; ಇವನಿಗೆ ದಕ್ಕಿದ್ದು ಒಬ್ಬನೇ. ತೋಳ ಒಂದು ಹನಿ ರಕ್ತ ಸುರಿಸದೆ ಮಾಡಿದ ಕೆಲಸ ಇದು. ಹುಡುಗ ಹೇಳಿದ ಏಳು-ಆರರ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇಲ್ಲ, ತೋಳ ಯಾರನ್ನೂ ಕೊಲ್ಲಲಿಲ್ಲವಲ್ಲ!

ರಾತ್ರಿ

ಇಷ್ಟಾದರೂ ಹನ್ನೊಂದು, ಹನ್ನೆರಡನೆಯ ಸುತ್ತುಗಳಲ್ಲಿ ಮೂವರು ಯಾಕೆ ಸತ್ತರು ಎಂಬುದು ಉಳಿಯಿತು. ಅದಕ್ಕೆ ಗಡಿಯಾರ ನೋಡಬೇಕು. ವೆಸ್ನಾತ್‌ನಲ್ಲಿ ಒಂದು ದಿನಕ್ಕೆ ಆರು ಸುತ್ತು: ಮುಂಜಾವು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಇರುಳಿನ ಎರಡು ಜಾವ. ಮನುಷ್ಯರ ಈ ಪಡೆಯಲ್ಲಿ ಹೆಚ್ಚಿನವರಿಗೆ ಹಗಲಿನಲ್ಲಿ ಏಟು ಕಾಲು ಭಾಗ ಹೆಚ್ಚು, ಇರುಳಿನಲ್ಲಿ ಕಾಲು ಭಾಗ ಕಡಿಮೆ. ಓರ್ಕ್‌ಗೆ ಅದರ ತಿರುಗು. ಮುಂಜಾವು, ಮುಸ್ಸಂಜೆ ಇಬ್ಬರಿಗೂ ಸಮ.

ಈಟಿಯಾಳು 7ರ ಮೂರು ಏಟು, ಗ್ರಂಟ್ 9ರ ಎರಡು. ಬಯಲಿನಲ್ಲಿ ಇಬ್ಬರಿಗೂ ಏಟು ತಾಗುವ ಸಾಧ್ಯತೆ ನೂರಕ್ಕೆ 60. ಹಗಲಿನಲ್ಲಿ ಈಟಿ 9 ಆಗುತ್ತದೆ, ಗ್ರಂಟ್‌ನ ಕತ್ತಿ 7ಕ್ಕೆ ಇಳಿಯುತ್ತದೆ. ಸರಾಸರಿಯಲ್ಲಿ ಈಟಿಯಾಳು 16.2 ಕೊಟ್ಟು 8.4 ತಿನ್ನುತ್ತಾನೆ. ಇರುಳಿನಲ್ಲಿ ಈಟಿ 5, ಕತ್ತಿ 11. ಕೊಡುವುದು 9, ತಿನ್ನುವುದು 13.2. ಅದೇ ಇಬ್ಬರು, ಅದೇ ನೆಲ. ಮಧ್ಯಾಹ್ನದ ಹುಲಿ ರಾತ್ರಿಯ ಕುರಿ.

ನೀರಿಗಿಳಿದವನ ಪಾಡು ಇನ್ನೂ ಕೆಟ್ಟದ್ದು. ಹೊಳೆಯಲ್ಲಿ ನಿಂತವನಿಗೆ ನೂರಕ್ಕೆ 80 ಏಟು ತಾಗುತ್ತದೆ. ಇರುಳಿನಲ್ಲಿ ಒಬ್ಬ ಗ್ರಂಟ್‌ನಿಂದ ಸರಾಸರಿ 17.6, ಇಬ್ಬರಿಂದ 35.2. ಈಟಿಯಾಳಿನ ಪೂರ್ತಿ ಪ್ರಾಣವೇ 36. ಹತ್ತನೆಯ ಸುತ್ತಿನಲ್ಲೇ ಟ್ರೋಲ್‌ನ ತಿರುಗೇಟನ್ನೂ ಒಬ್ಬ ಗ್ರಂಟ್‌ನ ಏಟನ್ನೂ ತಿಂದಿದ್ದವನು ಹನ್ನೊಂದನೆಯದರಲ್ಲಿ ಹಿಂದೆ ಬರಲು ಹೊರಟರೆ ಹಿಡಿತಕ್ಕೆ ಸಿಕ್ಕಿಬಿದ್ದಿದ್ದ, ಒಂದು ಹೆಜ್ಜೆಗಿಂತ ಹೆಚ್ಚು ಆಗದು. ಹುಡುಗ ಆ ಹೆಜ್ಜೆಯನ್ನೂ ಇಡದೆ ಕತ್ತಲಲ್ಲಿ ಮತ್ತೆ ಚುಚ್ಚಿಸಿದ. ಅವನು ಅಲ್ಲೇ ತೇಲಿಹೋದ. ಅವನ ಸೇಡಿಗೆಂದು ಮುಂದೆ ಬಂದ ಇನ್ನಿಬ್ಬರು ಹನ್ನೆರಡನೆಯ ಸುತ್ತಿನಲ್ಲಿ ಅದೇ ದಾರಿ ಹಿಡಿದರು.

ರಾತ್ರಿಯಿಡೀ ಓಡಿಹೋಗಬೇಕು ಎಂದು ಇದರ ಅರ್ಥವಲ್ಲ. ಇಲ್ಲಿ ಹುಡುಗನಿಗೆ ಅಚ್ಚರಿಯಾದ ಲೆಕ್ಕವೊಂದಿದೆ. ಈಚೆ ದಂಡೆಯಲ್ಲಿ ಹೊಳೆಗೆ ತಾಗಿಕೊಂಡೇ ಒಂದು ಹಳ್ಳಿಯಿತ್ತು. ಅದರಲ್ಲಿ ಈಟಿಯಾಳು ನಿಂತರೆ ಅವನಿಗೆ ತಾಗುವುದು ನೂರಕ್ಕೆ 40 ಮಾತ್ರ. ಎದುರಿಸಲು ಬಂದ ಗ್ರಂಟ್ ನೀರಿನಲ್ಲಿ ನಿಲ್ಲಬೇಕು, ಅವನಿಗೆ ತಾಗುವುದು 80. ನಡು ರಾತ್ರಿಯಲ್ಲೂ ಈಟಿಯಾಳು ಸರಾಸರಿ 12 ಕೊಟ್ಟು 8.8 ತಿನ್ನುತ್ತಾನೆ, ಮೇಲಾಗಿ ಮರುಸುತ್ತಿಗೆ ಹಳ್ಳಿ 8 ಪ್ರಾಣ ತುಂಬಿಕೊಡುತ್ತದೆ. ಗಡಿಯಾರ ಎದುರಾಳಿಯ ಪರವಾಗಿದ್ದಾಗಲೂ ನೆಲವನ್ನು ನಿನ್ನ ಪರ ಇಟ್ಟುಕೊಳ್ಳಬಹುದು. ಟ್ರೋಲ್ ಬೆನ್ನಟ್ಟಿದವನು ಎರಡನ್ನೂ ಒಟ್ಟಿಗೇ ಬಿಟ್ಟುಕೊಟ್ಟ.

ಇನ್ನೊಂದು ಚಿಕ್ಕ ಮಾತು. ಅವನ ನಾಯಕ ಲೆಫ್ಟಿನೆಂಟ್, ಎರಡನೆಯ ದರ್ಜೆಯವನು. ಪಕ್ಕದಲ್ಲಿ ನಿಂತ ಮೊದಲ ದರ್ಜೆಯವರ ಏಟನ್ನು ಕಾಲು ಭಾಗ ಹೆಚ್ಚಿಸುವ ಗುಣ ಅವನಿಗಿದೆ. ಇರುಳು ಕಳೆಯುವುದೂ ಕಾಲು ಭಾಗ. ಎರಡೂ ಸೇರಿ ಸೊನ್ನೆ, ಈಟಿ ಮತ್ತೆ 7. ಪಂದ್ಯದ ಹದಿನೇಳು ಸುತ್ತಿನಲ್ಲಿ ಈ ಲೆಫ್ಟಿನೆಂಟ್ ಕೋಟೆಯ ಗದ್ದುಗೆ ಬಿಟ್ಟು ಎದ್ದವನೇ ಅಲ್ಲ. "ಆಳು ಕರೆಯಲು ಅವನು ಅಲ್ಲೇ ಇರಬೇಕಲ್ಲ, ಮಾವ" ಎಂದ. ಕರೆಯುವ ಗಳಿಗೆಯಲ್ಲಿ ಇದ್ದರೆ ಸಾಕು. ಆಳು ಕರೆದರೆ ನಾಯಕನ ನಡಿಗೆಯೇನೂ ಖರ್ಚಾಗುವುದಿಲ್ಲ. ಹತ್ತನೆಯ ಸುತ್ತಿನಲ್ಲಿ 14 ಹೊನ್ನು ಕೊಟ್ಟು ಈಟಿಯಾಳನ್ನು ಕರೆದ ಮೇಲೂ ಅವನು ಆರು ಮನೆ ನಡೆಯಬಹುದಿತ್ತು. ಸೇತುವೆಯ ಬೆನ್ನಿಗೆ ಆರೇ ಮನೆ.

ಮತ್ತೆ ಹತ್ತನೆಯ ಸುತ್ತು

ಉಳಿಸಿಟ್ಟ ಕಡತದಿಂದ ಹತ್ತನೆಯ ಸುತ್ತನ್ನು ತೆರೆದೆವು. ಅವನದು ಅವನ ಪಡೆಯೇ, ಓರ್ಕ್‌ಗಳು ನನ್ನವು. ಸರದಿ ಮುಗಿಸುವ ಮೊದಲು 'ಶತ್ರುವಿನ ಚಲನೆ ತೋರಿಸು' ಎಂಬ ಆಯ್ಕೆಯನ್ನು ಒಮ್ಮೆ ಒತ್ತು ಎಂದು ಮಾತ್ರ ಹೇಳಿದೆ. ಅದನ್ನು ಒತ್ತಿದರೆ ನನ್ನ ಪಡೆ ಮುಟ್ಟಬಲ್ಲ ಮನೆಗಳೆಲ್ಲ ಬೆಳಗುತ್ತವೆ. ಪಂದ್ಯದ ದಿನ ಹೀಗೆ ಮಾಡಿದ್ದರೆ, ಬೆಳಕು ಸೇತುವೆ ದಾಟಿ ಹಳ್ಳಿಯವರೆಗೂ ಚಾಚಿದ್ದನ್ನು ಅವನೇ ಕಾಣುತ್ತಿದ್ದ.

ಈ ಸಲ ಟ್ರೋಲ್ ಕಡೆ ತಿರುಗಿಯೂ ನೋಡಲಿಲ್ಲ. ಹೊಸ ಆಳನ್ನು ಕರೆದು, ಲೆಫ್ಟಿನೆಂಟನನ್ನು ಸೇತುವೆಯ ಹಿಂದಕ್ಕೆ ತಂದ. ಸೇತುವೆಯ ಬಾಯಿ ಬಿಟ್ಟು ಒಂದು ಹೆಜ್ಜೆ ಒಳಗೆ ಇಬ್ಬರು ಈಟಿಯಾಳುಗಳು, ದಂಡೆಯ ಹಳ್ಳಿಯಲ್ಲಿ ಒಬ್ಬ, ಉಳಿದವರು ಎರಡೆರಡು ಮನೆ ಬಿಟ್ಟು. ನನ್ನ ತೋಳ ಸೇತುವೆಯ ಆಚೆ ನಿಂತು ಹಲ್ಲು ಕಿರಿಯಿತು, ಅಷ್ಟೇ. ರಾತ್ರಿ ಬಂದದ್ದು ನನಗೆ ಅನುಕೂಲವಾದ್ದರಿಂದ ನುಗ್ಗದೆ ಇರಲು ಮನಸ್ಸಾಗಲಿಲ್ಲ. ಸೇತುವೆಯಲ್ಲಿ ಕಾಲಿಟ್ಟ ಗ್ರಂಟ್ ಇಬ್ಬರ ಈಟಿಗೆ ಸಿಕ್ಕಿ ಹೋದ. ಹೊಳೆಗಿಳಿದ ಇಬ್ಬರೂ ಬೆಳಗು ಕಾಣಲಿಲ್ಲ. ಅವನ ಕಡೆ ಹೋದದ್ದು ಒಬ್ಬ, ಅದೂ ನನ್ನ ಅದೃಷ್ಟದಿಂದ: ಹಳ್ಳಿಯಲ್ಲಿದ್ದವನ ಮೂರು ಏಟುಗಳೂ ನೀರಿನಲ್ಲಿದ್ದ ಗ್ರಂಟ್‌ಗೆ ತಪ್ಪಿದವು. ಅದರ ಸಾಧ್ಯತೆ ಸಾವಿರಕ್ಕೆ 8. ಈ ಆಟ ಆಗಾಗ ಹೀಗೆ ಮುಖಕ್ಕೆ ಹೊಡೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಾದರೂ ಸಾಲು ಒಡೆಯಲಿಲ್ಲ. ಹದಿಮೂರನೆಯ ಸುತ್ತಿನ ಮುಂಜಾವಿಗೆ ಅವನ ಹಳ್ಳಿಗಳು ಏಳಕ್ಕೆ ಏಳೂ ಇದ್ದವು.

"ಗೆದ್ದೆಯಲ್ಲ" ಎಂದೆ.

ಹುಡುಗನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. "ಇದು ಯುದ್ಧವೋ, ಹೊಲ ಕಾಯುವ ಕೆಲಸವೋ? ಸುಮ್ಮನೆ ನಿಂತುಕೊಂಡಿದ್ದೆ ಅಷ್ಟೇ" ಎಂದು ಗೊಣಗಿದ. ಅವನ ತಾತ, ಅಂದರೆ ನನ್ನಪ್ಪ, ಹಂದಿಯ ಕಾಟಕ್ಕೆ ಎಷ್ಟೋ ರಾತ್ರಿ ಹೊಲದ ಅಟ್ಟಣೆಯ ಮೇಲೆ ಕಳೆದವರು. ಅದನ್ನು ಹೇಳೋಣ ಎಂದುಕೊಂಡು ಸುಮ್ಮನಾದೆ. ಮರುದಿನ ಬೆಳಗ್ಗೆ ಬೆಣ್ಣೆ ದೋಸೆ ತಿನ್ನಿಸಿ ಬಸ್ಸು ಹತ್ತಿಸಿದೆ. ಆಟದ ಮಾತು ಮತ್ತೆ ಬರಲಿಲ್ಲ, ದೋಸೆಯ ಮುಂದೆ ಬರುವುದೂ ಕಷ್ಟ.

ಹತ್ತು ದಿನದ ಮೇಲೆ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಅದೇ ನಕ್ಷೆ, ಅದೇ ಹೊಳೆ. ಸಾಲು ಎರಡೆರಡು ಮನೆ ಬಿಟ್ಟು ಚೆಂದವಾಗಿ ನಿಂತಿದೆ, ಆದರೆ ಸೇತುವೆಯ ಎದುರಿನ ಜಾಗ ಬೋಳು. ಮತ್ತೆ ಅದೇ ತಪ್ಪೇ ಎಂದು ಬೈಯಲು ಬೆರಳು ಎತ್ತಿದವನು ಇನ್ನೊಮ್ಮೆ ನೋಡಿದೆ. ಗೆಳೆಯನ ತೋಳ ಒಳಗೆ ಬಂದು ಹಳ್ಳಿಯ ಮೇಲೆ ನಿಂತಿತ್ತು. ಅದರ ಎದುರಿಗೊಬ್ಬ ಕುದುರೆ ಸವಾರ, ನೇರ ಬೆನ್ನಿಗೊಬ್ಬ ಕುದುರೆ ಸವಾರ. ಬಾಗಿಲು ತೆರೆದಿಟ್ಟು ಕರೆಸಿಕೊಂಡಿದ್ದ.

ತೋಳ ಸತ್ತಿತೇ ಎಂದು ಕೇಳಿದೆ.

ಉತ್ತರ ಬರಲು ಸ್ವಲ್ಪ ತಡವಾಯಿತು. "ಇಲ್ಲ, ಮಾವ. ಆರು ಏಟಿನಲ್ಲಿ ಐದು ತಪ್ಪಿದವು. ಆದರೆ ಅದು ಇನ್ನೂ ಅಲ್ಲೇ ಇದೆ."